ಹಿರಿಯರ ಸಾಲಿನಲ್ಲೊಂದು ಗೂಗಿ

ಬೈಲಹೊಂಗಲದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನಿಗೆ ಹಕ್ಕಿ ಚಿತ್ರಗಳ ಹುಚ್ಚು ಯಾಕೆ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟು ಬಹಳ ದಿನವಾಯಿತು. ಕೇಳುವವರು ಬಹುಪಾಲು ಯೂರಿಯಾ ಒಯ್ಯಲು ಬಂದವರು. ಇಸ್ಪೀಟಿನ ಹುಚ್ಚಿದ್ದರೆ ಯಾರೂ ಯಾಕೆ ಎನ್ನುವುದಿಲ್ಲ, ರಾಜಕೀಯದ ಹುಚ್ಚಿದ್ದರೆ ಕರೆದು ಚಹಾ ಕುಡಿಸುತ್ತಾರೆ. ಹಕ್ಕಿ ಎಂದ ಕೂಡಲೇ ಮಾತ್ರ ಎಲ್ಲರಿಗೂ ನನ್ನ ತಲೆಯ ಕಾಳಜಿ ಶುರುವಾಗುತ್ತದೆ.

ಎಲ್ಲ ಹಕ್ಕಿ ಚಿತ್ರವೂ ನನಗೆ ಬೇಡ. ಕ್ಯಾಲೆಂಡರಿನ ಗಿಳಿ ಕಂಡರೆ ನನಗೆ ಸಿಟ್ಟು ಬರುತ್ತದೆ. ನನಗೆ ಬೇಕಾದವು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಡೆ ಅಚ್ಚಾದ, ಕೈಯಿಂದ ಬಣ್ಣ ತುಂಬಿದ ಚಿತ್ರಗಳು. ಹಕ್ಕಿಯನ್ನು ಕಲ್ಲಿನ ಮೇಲೆ ಗೆರೆಯಲ್ಲಿ ಬರೆದು, ಕಾಗದಕ್ಕೆ ಕಪ್ಪಾಗಿ ಒತ್ತುತ್ತಿದ್ದರು. ಆಮೇಲೆ ಕೆಲಸದವರು ಸಾಲಾಗಿ ಕುಳಿತು ಒಂದೊಂದು ಹಾಳೆಗೂ ನೀರುಬಣ್ಣ ಹಚ್ಚುತ್ತಿದ್ದರಂತೆ. ಒಬ್ಬರು ರೆಕ್ಕೆಗೆ ಕಂದು ಹಚ್ಚಿ ಪಕ್ಕಕ್ಕೆ ಸರಿಸಿದರೆ ಇನ್ನೊಬ್ಬರು ಎದೆಗೆ ಹಳದಿ, ಮತ್ತೊಬ್ಬರು ಕಾಲಿಗೆ ಕೆಂಪು. ನಮ್ಮ ಮದುವೆ ಮನೆಗಳಲ್ಲಿ ಹೆಂಗಸರು ಸಾಲಾಗಿ ಕುಳಿತು ಹೋಳಿಗೆ ಮಾಡುವ ಪದ್ಧತಿಯೇ. ಹಾಗಾಗಿ ಒಂದೇ ಪುಸ್ತಕದ ಎರಡು ಪ್ರತಿಗಳಲ್ಲಿ ಅದೇ ಹಕ್ಕಿ ಅದೇ ಬಣ್ಣದ್ದಾಗಿ ಸಿಗುವುದಿಲ್ಲ. ಕೊನೆಗೆ ಕಣ್ಣಿನ ಮೇಲೆ ಚೂರು ಅಂಟು ಸವರುತ್ತಿದ್ದರು. ಅದು ಒಣಗಿದ ಮೇಲೆ ಕಣ್ಣು ಮಿಂಚುತ್ತದೆ. ನೂರೈವತ್ತು ವರ್ಷವಾದರೂ ಮಿಂಚುತ್ತದೆ.

ಇನ್ನೊಂದು ಮಜಾ ಅಂದರೆ, ಬರೆದವರಲ್ಲಿ ಎಷ್ಟೋ ಮಂದಿ ಆ ಹಕ್ಕಿಯನ್ನು ಜೀವಂತ ಕಂಡವರೇ ಅಲ್ಲ. ಇಲ್ಲಿಂದ ಯಾವನೋ ಸಾಹೇಬ ಗುಂಡು ಹೊಡೆದು, ಚರ್ಮ ಸುಲಿದು, ಒಳಗೆ ಹತ್ತಿ ತುರುಕಿ ಹಡಗಿನಲ್ಲಿ ಕಳಿಸಿದ್ದನ್ನು ಮೇಜಿನ ಮೇಲಿಟ್ಟುಕೊಂಡು ಅದಕ್ಕೆ ಜೀವ ತುಂಬಬೇಕು. ಅದಕ್ಕೇ ಆ ಹಕ್ಕಿಗಳ ನಿಲುವೇ ಒಂದು ನಮೂನೆ. ನನ್ನ ಹತ್ತಿರ ಇರುವ ಕೊಕ್ಕರೆ ರಾಮದುರ್ಗದ ಬಸ್ಸು ತಪ್ಪಿಸಿಕೊಂಡವನ ಹಾಗೆ ನಿಂತಿದೆ. ನನಗೆ ಅವು ಇಷ್ಟವಾಗುವುದೇ ಆ ಎಡವಟ್ಟಿಗೆ.

ಇವೆಲ್ಲದರಲ್ಲಿ ನನ್ನ ಪ್ರಾಣವಿದ್ದದ್ದು ಒಂದು ಗೂಗಿಯ ಮೇಲೆ. ಪುಸ್ತಕದ ಕನ್ನಡದವರು ಗೂಬೆ ಎನ್ನಲಿ. ನಮ್ಮ ಮನೆಯಲ್ಲಿ ಅದು ಗೂಗಿ. ಪುಣೆಯ ಹಳೇ ಪುಸ್ತಕದ ಅಂಗಡಿಯಲ್ಲಿ, ಪುಸ್ತಕದಿಂದ ಕಿತ್ತ ಬಿಡಿ ಹಾಳೆಯಾಗಿ ಸಿಕ್ಕಿತ್ತು. ತಲೆಯ ಮೇಲೆ ಎರಡು ಪುಕ್ಕದ ಕೊಂಬು, ಬಾಗಿದ ಕೊಕ್ಕು, ಬೆಂಕಿಯಂಥ ಹಳದಿ ಕಣ್ಣು. ಕೆಳಗಿನ ಭಾಗವನ್ನು ಗೆದ್ದಲು ತಿಂದಿತ್ತು. ಫ್ರೇಮ್ ಹಾಕುವವನು ಎದೆಯ ತನಕ ಬಿಟ್ಟು, ಉಗುರು, ಕಾಲು, ಕೂತ ಟೊಂಗೆ ಎಲ್ಲವನ್ನೂ ರಟ್ಟಿನಡಿ ಮುಚ್ಚಿಬಿಟ್ಟ. ನೋಡಿದರೆ ಗೂಗಿ ಸ್ಟುಡಿಯೋಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಬಂದ ಹಾಗಿತ್ತು.

ಕೈಬಣ್ಣಕ್ಕೆ ಬಿಸಿಲು ಆಗುವುದಿಲ್ಲ, ಮಾಸಿ ಹೋಗುತ್ತದೆ. ನಮ್ಮ ಮನೆಯಲ್ಲಿ ಬಿಸಿಲು ಬೀಳದ ಗೋಡೆ ಅಂದರೆ ಪಡಸಾಲೆಯ ಒಂದೇ ಗೋಡೆ. ಅದರ ಮೇಲೆ ಹಿರಿಯರಿದ್ದರು. ನನ್ನ ತಂದೆ, ತಾಯಿ, ಅಜ್ಜಿ, ಮೂವರೂ ಗಂಧದ ಚಕ್ಕೆಯ ಹಾರ ಹಾಕಿಕೊಂಡು ಸಾಲಾಗಿ. ಅಜ್ಜಿಯ ಪಕ್ಕ ಅಜ್ಜನಿಗೆಂದು ಹೊಡೆದ ಮೊಳೆ ಖಾಲಿ ಇತ್ತು. ಅಜ್ಜ ಕ್ಯಾಮೆರಾ ಕಂಡರೆ ಹೊಲಕ್ಕೆ ಓಡುತ್ತಿದ್ದವನು, ಒಂದು ಫೋಟೋವನ್ನೂ ಬಿಟ್ಟು ಹೋಗಿರಲಿಲ್ಲ. ನಾನು ಗೂಗಿಯನ್ನು ಆ ಮೊಳೆಗೆ ತೂಗುಹಾಕಿದೆ.

"ಗೂಗಿ ಮನಿ ಮ್ಯಾಲ ಕುಂತ್ರ ಮಂದಿ ಮನೀನ ಬಿಡ್ತಾರ. ನೀವು ಕರಕೊಂಡ ಬಂದು ಒಳಗ ಕುಂಡ್ರಸೀರಿ" ಎಂದಳು ನನ್ನ ಹೆಂಡತಿ.

"ಮ್ಯಾಲ ಕುಂತ್ರ ಬಿಡ್ತಾರ. ಒಳಗ ಕುಂತ್ರ ಏನಂತ ಯಾರೂ ಹೇಳಿಲ್ಲ" ಎಂದೆ. ಆಕೆ ಆ ವಾರವಿಡೀ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದಳು.

ಮನೆಯಲ್ಲಿ ನಮ್ಮ ಸೋದರತ್ತೆ ಇದ್ದಾಳೆ, ನನ್ನ ತಂದೆಯ ತಂಗಿ. ಮನೋಳಿಗೆ ಕೊಟ್ಟಿದ್ದರು, ಗಂಡ ಹೋದ ಮೇಲೆ ನಮ್ಮಲ್ಲೇ ಇರುತ್ತಾಳೆ. ದಿನಾ ಜಳಕ ಮುಗಿಸಿ ಹಿರಿಯರ ಗಾಜು ಒರೆಸಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆಯುವುದು ಅವಳ ಕೆಲಸ. ಗೂಗಿ ಬಂದ ಮರುದಿನ ನೋಡಿದರೆ ಗೂಗಿಯ ಹಣೆಗೂ ವಿಭೂತಿ, ಕೊರಳಿಗೂ ಹಾರ.

"ಅತ್ತಿ, ಅದು ಗೂಗಿ" ಎಂದೆ.

"ನನಗೇನ ಕಣ್ಣ ಕಾಣಂಗಿಲ್ಲೇನ? ಸಾಲಾಗಿ ಕುಂತವರಾಗ ಮೂವರಿಗೆ ಹಚ್ಚಿ ಒಬ್ಬಗ ಬಿಟ್ರ ಪಂಕ್ತಿಭೇದ ಆಕ್ಕೈತಿ" ಎಂದಳು ಅತ್ತಿ. ನಾನು ಹಾಗೇ ಬಿಟ್ಟೆ. ಗೂಗಿಗೆ ವಿಭೂತಿ ಒಪ್ಪುತ್ತಲೂ ಇತ್ತು.

ಹೀಗೆ ನಡೆದಿದ್ದಾಗ ಮಗಳ ಮದುವೆಯ ಮಾತು ಬಂತು. ಮಗಳು ಆಗ ಮುರಗೋಡದ ಕಡೆ ದನದ ದವಾಖಾನೆಯಲ್ಲಿ ಡಾಕ್ಟರಾಗಿದ್ದಳು. ಗೆಳತಿಯ ಮದುವೆಯಲ್ಲಿ ಸುರೇಬಾನದ ಒಬ್ಬ ಹುಡುಗನ ಪರಿಚಯವಾಗಿ, ಇಬ್ಬರೂ ತಮ್ಮತಮ್ಮಲ್ಲೇ ಮದುವೆಯಾಗುವುದೆಂದು ಪಕ್ಕಾ ಮಾಡಿಕೊಂಡಿದ್ದರು. ಹುಡುಗ ರಾಮದುರ್ಗದ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಒಳ್ಳೆಯ ಮನೆತನ, ನಮ್ಮ ಕಡೆಯಿಂದ ಏನೂ ತಕರಾರಿಲ್ಲ. ಅವರ ಮನೆಯಲ್ಲಿ ಮಾತ್ರ ಎಲ್ಲದಕ್ಕೂ ಹುಡುಗನ ಅಜ್ಜನ ಒಂದು 'ಹೂಂ' ಬೇಕು. ಆ ಅಜ್ಜ ಶಕುನದ ಮನುಷ್ಯ. ದೊಡ್ಡ ಮೊಮ್ಮಗನಿಗೆ ಕನ್ಯಾ ನೋಡಲು ಹೋದಾಗ ಒಂದು ಮನೆಯಲ್ಲಿ ಹಲ್ಲಿ ಲೊಚಗುಟ್ಟಿತೆಂದು ಉಪ್ಪಿಟ್ಟಿನ ತಾಟು ಬಿಟ್ಟೆದ್ದು ಬಂದಿದ್ದನಂತೆ.

ಮಗಳು ಬಂದು ನನ್ನೆದುರು ಕುಳಿತಳು. "ಅಪ್ಪಾ, ನಾ ಎಮ್ಮಿ ಹೊಟ್ಟ್ಯಾಗ ಮೊಳಕೈತನಕ ಕೈ ಹಾಕಾಕಿ, ಯಾವುದಕ್ಕೂ ಅಂಜಾಕಿ ಅಲ್ಲ. ಆ ಅಜ್ಜಗ ಅಂಜೇನಿ. ಆತ ಒಲ್ಲೆ ಅಂದ್ರ ಅವರ ಮನ್ಯಾಗ ಮುಗೀತು. ಅದೊಂದ ದಿನ ಗೂಗಿ ಇಳಸ್ರಿ."

ಆ ಹುಡುಗನ ಮೇಲೆ ಅವಳಿಗೆ ಎಷ್ಟು ಜೀವ ಎಂದು ನನಗೆ ಆಗ ಗೊತ್ತಾಯಿತು. ಇಳಿಸುತ್ತೇನೆ ಎಂದು ಮಾತು ಕೊಟ್ಟೆ.

ಅವರು ಬರುವ ದಿನ ಬೆಳಿಗ್ಗೆ ಅಂಗಡಿಗೆ ಸೋಯಾ ಬೀಜದ ಲಾರಿ ಬಂತು. ಅವರು ಮಧ್ಯಾಹ್ನ ಬರುತ್ತೇವೆ ಎಂದವರು, ಅಷ್ಟರೊಳಗೆ ಮನೆಗೆ ಬಂದು ಗೂಗಿಯನ್ನು ಇಳಿಸಿದರಾಯಿತು ಎಂದು ಹೋದೆ. ಹುಡುಗನ ಅಜ್ಜ ಪಂಚಾಂಗ ಓದಿಸಿ ಕೇಳಿ, ರಾಹುಕಾಲ ಬರುವುದರೊಳಗೆ ಹೊಸ್ತಿಲು ದಾಟಬೇಕೆಂದು ಎಲ್ಲರನ್ನೂ ಗಾಡಿಗೆ ತುಂಬಿಕೊಂಡು ಮುಂಜಾನೆಯೇ ಬಂದುಬಿಟ್ಟ. ಫೋನು ಬಂದು ನಾನು ಬೆವರುತ್ತ ಮನೆ ಮುಟ್ಟುವಾಗ ಅಜ್ಜ ಬಾಗಿಲಲ್ಲಿ ಕಾಲಿಗೆ ನೀರು ಹಾಕಿಸಿಕೊಳ್ಳುತ್ತಿದ್ದ. ಒಳಗೆ ಗೂಗಿ ಹಸಿ ವಿಭೂತಿ ಹಚ್ಚಿಕೊಂಡು ಎಲ್ಲರ ದಾರಿ ಕಾಯುತ್ತಿತ್ತು.

ನಮ್ಮ ಕಡೆ ಹಿರಿಯರು ಯಾರದೇ ಮನೆಗೆ ಬಂದರೂ ಕುಳಿತುಕೊಳ್ಳುವ ಮೊದಲು ಗೋಡೆಯ ಮೇಲಿನ ಹಿರಿಯರಿಗೆ ಕೈ ಮುಗಿಯುತ್ತಾರೆ. ಅಜ್ಜನೂ ಕೋಲು ಊರಿಕೊಂಡು ನೇರ ಗೋಡೆಗೆ ಹೋದ. ನನ್ನ ತಂದೆಗೆ ಮುಗಿದ, ತಾಯಿಗೆ ಮುಗಿದ, ಅಜ್ಜಿಗೆ ಮುಗಿದ. ಮುಂದಿನ ಫ್ರೇಮಿನೆದುರು ನಿಂತ. ನಿಂತೇ ಇದ್ದ. ಅಡುಗೆಮನೆ ಬಾಗಿಲಲ್ಲಿ ಮಗಳು ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು.

ಅಜ್ಜ ತಿರುಗಿದ. ಆಗ ನೋಡಿದೆ, ಅವನ ಎರಡೂ ಕಣ್ಣುಗಳ ಮೇಲೆ ಬಿಳಿ ಪೊರೆ ಬಂದಿತ್ತು.

"ಇವರು ಯಾರ್ರಿ?" ಎಂದ.

ಉತ್ತರ ಕೊಟ್ಟವಳು ನನ್ನ ಹೆಂಡತಿ, ಗೂಗಿಯನ್ನು ಕಂಡರೆ ಆಗದವಳು. ಸೆರಗು ಸರಿಮಾಡಿಕೊಂಡು, "ನಮ್ಮ ಮನೀ ಹಿರ್ಯಾರ್ರಿ" ಎಂದಳು.

"ಅದನ್ನ ನೋಡಾಕತ್ತೇನಿ. ಏನ ನದರ! ಏನ ರುಮಾಲಿನ ಗತ್ತು! ಉಳಿದವರ ಮಾರಿ ನನಗ ಮಸಕ ಮಸಕ, ಇವರ ಕಣ್ಣಷ್ಟ ಹೊಳೀತಾವ ನೋಡ್ರಿ. ಕಣ್ಣಾಗ ಕಣ್ಣಿಟ್ಟ ಮಾತಾಡ್ಸಿದಂಗ ಆಗತೈತಿ" ಎಂದವನೇ ಕೋಲು ಪಕ್ಕಕ್ಕಿಟ್ಟು, ಉಳಿದ ಮೂವರಿಗಿಂತ ಹೆಚ್ಚಿನ ಭಕ್ತಿಯಿಂದ, ಸೊಂಟ ಬಗ್ಗಿಸಿ ಗೂಗಿಗೆ ಕೈ ಮುಗಿದ.

ಅವನ ಹಿಂದೆ ಅವನ ಮಗ, ಸೊಸೆ, ಹುಡುಗ, ಹುಡುಗನ ಅಣ್ಣ ಎಲ್ಲ ಸಾಲಾಗಿ ನಿಂತಿದ್ದರು. ಅವರ ಕಣ್ಣು ಚೊಕ್ಕವಿದ್ದವು. ಎದುರಿಗಿರುವುದು ಗೂಗಿ ಎಂಬುದು ಒಬ್ಬೊಬ್ಬರ ಮುಖದ ಮೇಲೂ ಕಂಡಿತು. ಆದರೆ ಅಜ್ಜ ಮುಗಿದ ಮೇಲೆ ಮುಗಿಯದಿರುವ ಧೈರ್ಯ ಯಾರಿಗಿದೆ? ಹುಡುಗನ ತಂದೆ ಮುಗಿದ. ತಾಯಿ ಸೆರಗು ಹೊದ್ದು ಮುಗಿದಳು. ಹುಡುಗ ತುಟಿ ಬಿಗಿಹಿಡಿದು, ಕೆಂಪಾಗಿ, ಮುಗಿದ. ಸರದಿ ಮುಗಿದ ಮೇಲೆ ನಾನೊಬ್ಬ ನಿಂತಿದ್ದು ಸರಿ ಕಾಣದೆಂದು ನಾನೂ ಮುಗಿದೆ. ಆಮೇಲೆ ತಾಟಿನಲ್ಲಿ ಅವಲಕ್ಕಿ ಚೂಡಾ ತಂದ ಮಗಳೂ, ಚೂಡಾ ತಗೊಂಡ ಹುಡುಗನೂ ನಗು ತಡೆಯಲು ನೆಲ ನೋಡುತ್ತ ಕುಳಿತರು. ಎಷ್ಟು ನಾಚಿಕೆ ನೋಡ್ರಿ, ಈಗಿನ ಕಾಲದಾಗ ಇಂಥಾ ಮಕ್ಕಳು ಎಲ್ಲಿ ಸಿಗತಾವ ಎಂದ ಅಜ್ಜ.

ಹುಡುಗಿ ಪಸಂದಾಯಿತು. ಇಂಥ ಹಿರಿಯರ ನದರಿನಡಿ ಬೆಳೆದವಳು ಹಾದಿ ತಪ್ಪುವುದಿಲ್ಲ ಎಂಬುದು ಅಜ್ಜ ಕೊಟ್ಟ ಕಾರಣ. ಹೊರಡುವಾಗ ನನ್ನ ಕೈ ಹಿಡಿದು ಹೇಳಿದ: "ಧಾರವಾಡದಾಗ ಕಣ್ಣ ಆಪರೇಷನ್ ಮಾಡಸ್ಕೊಳ್ಳಾವ ಅದೇನಿ. ಹೊಸಾ ಕಣ್ಣಿಲೆ ನಿಶ್ಚಯಕ್ಕ ಬರತೇನಿ. ಆ ಹಿರ್ಯಾರನ್ನ ಒಮ್ಮೆ ಸರಿಯಾಗಿ ನೋಡಬೇಕ."

ಮನೆಯಲ್ಲಿ ಯಾರಿಗೂ ಊಟ ಸೇರದಾಯಿತು. ಗೂಗಿಯನ್ನು ಸುಮ್ಮನೆ ಇಳಿಸಿದರೆ ಹಿರಿಯರೆಲ್ಲಿ ಎನ್ನುತ್ತಾನೆ. ಬಿಟ್ಟರೆ ಹಲ್ಲಿಗೆ ಎದ್ದು ಹೋದವನು ಗೂಗಿಗೆ ಏನು ಮಾಡಿಯಾನು? ಕೊನೆಗೆ ಉಪಾಯ ತೆಗೆದವಳು ಹೆಂಡತಿ: ಆ ಮೊಳೆಗೆ ಒಬ್ಬ ನಿಜವಾದ ಅಜ್ಜನನ್ನು ಮಾಡಿಸಿ ಹಾಕುವುದು.

ಬೈಲಹೊಂಗಲದಲ್ಲಿ ಮಾಡಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಸವದತ್ತಿಗೆ ಹೋದೆ. ಅಲ್ಲೊಂದು ಸ್ಟುಡಿಯೋದಲ್ಲಿ ತೀರಿಕೊಂಡವರ ಫೋಟೋ ಇಲ್ಲದಿದ್ದರೂ ಮಾಡಿಕೊಡುತ್ತಾರೆ. ಕೋಟು, ಧೋತರ, ರುಮಾಲು ಹಾಕಿ ಕುರ್ಚಿಯ ಮೇಲೆ ಕುಳಿತ ಮೈಗಳು ಕಂಪ್ಯೂಟರಿನಲ್ಲಿ ತಯಾರಿರುತ್ತವೆ. ಮುಖ ಮಾತ್ರ ನಾವು ಹೇಳಬೇಕು.

"ನೀವು ಹೇಳಕೋತ ಹೋಗ್ರಿ, ನಾ ಮಾಡಕೋತ ಹೋಗತೇನಿ" ಎಂದ ಸ್ಟುಡಿಯೋದವನು. "ಕಣ್ಣು?"

ಸುರೇಬಾನದ ಅಜ್ಜ ಕಂಡದ್ದಕ್ಕೂ ಇದಕ್ಕೂ ತಾಳೆಯಾಗಬೇಕಲ್ಲ? ಇದ್ದದ್ದು ಇದ್ದಂತೆ ಹೇಳಿದೆ. "ದುಂಡಗ. ಹಳದಿ."

"ಕಾಮಣಿ ಆಗಿತ್ತೇನ್ರಿ?"

"ಇಲ್ಲ. ಹುಟ್ಟಾನ ಹಂಗ."

"ಮೂಗು?"

"ಬಾಗಿತ್ತು. ಬಾಯಿ ಮುಚ್ಚೂವಷ್ಟು."

"ಕಿವಿ?"

"ನೆಟ್ಟಗ, ಮ್ಯಾಲೆ." ಅವನು ನನ್ನನ್ನು ನೋಡಿದ. "ರುಮಾಲಿನ ಚುಂಗು ಅಂತ ತಿಳೀರಿ" ಎಂದೆ.

"ಕುತ್ತಿಗಿ?"

"ಇರಲಿಲ್ಲ."

ಅವನು ಕೈ ತಡೆದು, "ಪಾಪ, ಭಾಳ ತ್ರಾಸ ತಗೊಂಡ್ರೇನು?" ಎಂದು ಕೇಳಿದ. ಭಾಳ ಎಂದೆ.

ಅವನು ಕುತ್ತಿಗೆ ಅಳಿಸುತ್ತ ಕುಳಿತಿದ್ದನ್ನು ನೋಡುವಾಗ ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಪ್ರೀತಿಯ ಆ ಇಂಗ್ಲೆಂಡಿನವರು ಮಾಡಿದ್ದೂ ಇದನ್ನೇ. ಕಾಣದ್ದಕ್ಕೆ ಜೀವ ತುಂಬುವುದು. ಅವರೆದುರು ಹತ್ತಿ ತುಂಬಿದ ಚರ್ಮವಾದರೂ ಇತ್ತು, ಇವನೆದುರು ಇದ್ದದ್ದು ನಾನು. ಅಲ್ಲಿ ಹಕ್ಕಿಯನ್ನು ಮನುಷ್ಯನ ಹಾಗೆ ನಿಲ್ಲಿಸಿದರು, ಇಲ್ಲಿ ಇವನು ಮನುಷ್ಯನನ್ನು ಹಕ್ಕಿಯ ಹಾಗೆ ಕೂಡಿಸಿದ. ಸಂಜೆಗೆ ಫ್ರೇಮಿನೊಳಗೆ ಒಬ್ಬ ಅಜ್ಜ ತಯಾರಾದ. ಕುತ್ತಿಗೆಯಿಲ್ಲದೆ, ಕಣ್ಣು ಕಿಸಿದುಕೊಂಡು, ಯಾರೋ ಹಿಂದಿನಿಂದ ಚಿವುಟಿದ ಹಾಗಿದ್ದ.

ಮನೆಗೆ ತಂದು ಬಿಚ್ಚಿದೆ. ಹೆಂಡತಿ ಬಹಳ ಹೊತ್ತು ನೋಡಿ, "ಗೂಗೀನ ಚೆಂದಿತ್ತು" ಎಂದಳು. ಜೀವಮಾನದಲ್ಲಿ ಆಕೆ ನನ್ನ ಸಂಗ್ರಹವನ್ನು ಹೊಗಳಿದ್ದು ಅದೊಂದೇ ಸಲ.

ನಿಶ್ಚಯದ ದಿನ ಬೆಳಿಗ್ಗೆ ಗೂಗಿಯನ್ನು ಇಳಿಸಿ, ಒಳಕೋಣೆಯಲ್ಲಿ ಅಕ್ಕಿ ಚೀಲದ ಮೇಲೆ ಗೋಡೆಗಾನಿಸಿ ಇಟ್ಟೆ. ಹೊಸ ಅಜ್ಜನನ್ನು ಏರಿಸಿದೆ. ಅತ್ತಿ ಜಳಕ ಮುಗಿಸಿ ವಿಭೂತಿ ಹಿಡಿದು ಬಂದವಳು ನಾಲ್ಕನೆಯ ಫ್ರೇಮಿನೆದುರು ಕೈ ಹಿಂದೆ ತೆಗೆದುಕೊಂಡಳು.

"ಇಂವ ಯಾರ?"

"ಮುತ್ಯಾ ಅಂತ ತಿಳಿ, ಅತ್ತಿ. ಇವತ್ತೊಂದ ದಿನ."

"ನಮ್ಮಪ್ಪ ಹೆಂಗಿದ್ದ ನನಗ ಗೊತ್ತಿಲ್ಲೇನ? ಗುರ್ತಿಲ್ಲದ ಗಂಡಸಿಗೆ ನಾ ವಿಭೂತಿ ಹಚ್ಚಂಗಿಲ್ಲ" ಎಂದು ಒಳಗೆ ಹೋಗಿ ಗೂಗಿಗೆ ಹಚ್ಚಿದಳು, ಹಾರವನ್ನೂ ಅಲ್ಲಿಗೇ ಒಯ್ದಳು.

ಸುರೇಬಾನದ ಅಜ್ಜ ಬಂದ. ಕಪ್ಪು ಕನ್ನಡಕ, ಹೊಸ ಧೋತರ. ಕಾಲು ತೊಳೆದು ಗೋಡೆಯ ಹತ್ತಿರ ಹೋದ. ಈ ಸಲ ಮೂವರಿಗೂ ಹೆಸರು ಕೇಳಿ ಕೇಳಿ ಮುಗಿದ. ನಾಲ್ಕನೆಯದರ ಮುಂದೆ ಕನ್ನಡಕ ತೆಗೆದ. ಹೊಸ ಕಣ್ಣಿನಿಂದ ಮೇಲಿಂದ ಕೆಳಗೆ ನೋಡಿದ.

"ಇವರಲ್ಲ" ಎಂದ. "ಅವತ್ತಿನವರು ಎಲ್ಲಿ?"

ಅತ್ತಿ ಎಲೆಗೆ ಸುಣ್ಣ ಹಚ್ಚುತ್ತ, "ಗೂಗಿ ಏನ್ರಿ? ಒಳಗ ಅಕ್ಕಿ ಚೀಲದ ಮ್ಯಾಲ ಕುಂತೈತಿ" ಎಂದಳು.

ಅಜ್ಜ ಒಳಗೆ ಹೋದ. ನಾವೆಲ್ಲ ಹಿಂದಿನಿಂದ. ಗೂಗಿ ಹಾರ ಹಾಕಿಕೊಂಡು ಅವನನ್ನು ನೋಡಿತು, ಅವನು ಗೂಗಿಯನ್ನು ನೋಡಿದ. ದೇವರೇ, ಇರುವ ಹಕ್ಕಿಗಳನ್ನೆಲ್ಲ ಹೊಳೆಗೆ ಬಿಡುತ್ತೇನೆ, ಈ ಹುಡುಗಿಯ ಮನಸ್ಸು ಮುರಿಯಬೇಡ ಎಂದು ಬೇಡಿಕೊಂಡೆ. ಆಗ ನನಗೆ ಬೇರೇನೂ ಬೇಕಿರಲಿಲ್ಲ.

ಅಜ್ಜ ಮೊಮ್ಮಗನ ಕಡೆ ತಿರುಗಿದ. "ಅವತ್ತ ನಿನಗ ಇದು ಕಂಡಿತ್ತ?"

"ಕಂಡಿತ್ತ ಅಜ್ಜಾ."

"ಮತ್ತ ಕೈ ಯಾಕ ಮುಗದಿ?"

"ನೀ ಮುಗದಿದ್ದಿ."

ಮಗನನ್ನು ನೋಡಿದ. "ನೀವು ಮುಗದಿದ್ರಿ" ಎಂದ ಮಗ. ಸೊಸೆಯನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಕೋಲಿನಿಂದ ನೆಲ ಕೆರೆಯುತ್ತ ನಿಂತ. ಆಮೇಲೆ ನನಗೆ ಹೇಳಿದ:

"ಯಜಮಾನ್ರ, ನಾ ಒಮ್ಮೆ ಮುಗದ ಕೈ ಹಿಂದಕ ತಗೊಂಡಾಂವ ಅಲ್ಲ. ನಾ ಮುಗದೇನಿ ಅಂದಮ್ಯಾಲ ಇವರು ಹಿರ್ಯಾರ. ಇವರನ್ನ ತಂದ ಅಕ್ಕಿ ಚೀಲದ ಮ್ಯಾಲ ಕುಂಡ್ರಸೀರಿ, ಅಲ್ಲಿ ಯಾವನೋ ಕಣ್ಣ ಕಿಸದಾವನ್ನ ಏರಿಸೀರಿ. ಇದು ನನಗ ಮರ್ಯಾದಿ ಏನ್ರಿ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಗ್ಗಿ ಅವನ ಕಾಲು ಹಿಡಿದೆ. ಹುಡುಗನೇ ಕುರ್ಚಿ ಹತ್ತಿ ಗೂಗಿಯನ್ನು ಮೊದಲಿನ ಮೊಳೆಗೆ ಏರಿಸಿದ, ಮಗಳು ಕುರ್ಚಿ ಹಿಡಿದುಕೊಂಡಳು. ನಿಶ್ಚಯ ಅದರ ಕೆಳಗೇ ನಡೆಯಿತು.

ಮದುವೆ ಬೇಸಿಗೆಯಲ್ಲಾಯಿತು. ಮಗಳನ್ನು ಕಳಿಸುವ ಹೊತ್ತಿಗೆ ಅಜ್ಜ ಪಡಸಾಲೆಯಲ್ಲಿ ಗೋಡೆ ನೋಡುತ್ತ ನಿಂತಿದ್ದ. "ಹುಡುಗೀನ್ನ ಒಬ್ಬಾಕಿನ್ನ ಕಳಸತೀರೇನು? ಕೂಡ ಒಬ್ಬರು ಹಿರ್ಯಾರ ಬಂದಿದ್ರ ನನಗೂ ಮಾತಿಗೆ ಆಗತಿತ್ತು" ಎಂದ. ನನಗೆ ಅರ್ಥವಾಯಿತು. ಅರ್ಥವಾಗದ ಹಾಗೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಕುರ್ಚಿ ತಂದು ಗೂಗಿಯನ್ನು ಇಳಿಸಿ, ಬೆಡ್‌ಶೀಟಿನಲ್ಲಿ ಸುತ್ತಿ ಅವನ ತೊಡೆಯ ಮೇಲಿಟ್ಟೆ. ಬಿಸಿಲಿಗೆ ಇಡಬ್ಯಾಡ್ರಿ ಎಂದೆ. ಹಿರ್ಯಾರನ್ನ ಬಿಸಿಲಿಗೆ ಯಾರ ಕುಂಡ್ರಸತಾರ ಎಂದು ನನಗೇ ಗದರಿದ.

ಗಾಡಿ ಓಣಿ ತಿರುಗಿದ ಮೇಲೆ ನಾನು ಕಟ್ಟೆಯ ಮೇಲೆ ಕುಳಿತು ಅತ್ತೆ. ಹೆಂಡತಿಯೂ ಅಳುತ್ತಿದ್ದಳು, ಆದರೂ ಕೇಳಿದಳು, "ಮಗಳಿಗೆ ಅಳಾಕತ್ತೀರೋ, ಗೂಗಿಗೋ?"

"ಮಗಳು ಪಂಚಮಿಗೆ ಬರತಾಳ" ಎಂದೆ. "ಗೂಗಿ ಬರತೈತೇನು?"

ಬಂತು. ಪಂಚಮಿಗೆ ಮಗಳು ಬಸ್ಸಿನಿಂದ ಇಳಿಯುವ ಮೊದಲು ಕಿಟಕಿಯಿಂದ ಬೆಡ್‌ಶೀಟಿನ ಗಂಟು ನನ್ನ ಕೈಗೆ ಕೊಟ್ಟಳು. ಹಬ್ಬಕ್ಕೆ ಹೆಣ್ಣುಮಗಳು ತವರಿಗೆ ಹೋಗುವಾಗ ಹಿರ್ಯಾರಿಗೂ ತವರು ಇಲ್ಲೇನು ಎಂದು ಅಜ್ಜನೇ ಕಟ್ಟಿಕೊಟ್ಟಿದ್ದನಂತೆ. ಉಂಡಿ ತಿಂದೆವು, ಜೋಕಾಲಿ ಕಟ್ಟಿದೆವು, ಗೂಗಿ ತನ್ನ ಮೊಳೆಯ ಮೇಲೆ ಕುಳಿತು ಎಲ್ಲ ನೋಡಿತು. ಹಬ್ಬ ಮುಗಿದ ಮರುದಿನ ಅಜ್ಜನ ಫೋನು ಬಂತು.

"ಹುಡುಗಿ ಬೇಕಾದ್ರ ಇನ್ನೂ ಇರಲಿ, ಅವಸರಿಲ್ಲ. ಅವರನ್ನ ಮಾತ್ರ ಲಗೂನ ಕಳಸ್ರಿ. ಮುಂಜಾನೆ ಎದ್ದು ಗ್ವಾಡಿ ನೋಡಿದ್ರ ಬಣಬಣ ಅಂತೈತಿ."

"ಹೌದ್ರಿ ಅಜ್ಜಾರ. ಬ್ಯಾಸಗಿಯಿಂದ ನಮ್ಮ ಗ್ವಾಡೀನೂ ಹಂಗ ಇತ್ತು" ಎಂದೆ. ಹೇಳುತ್ತ ಹೇಳುತ್ತ, ಬೇಸಿಗೆಯಿಂದ ಖಾಲಿ ಬಿದ್ದಿದ್ದ ಮಗಳ ಕೋಣೆ ಕಣ್ಣ ಮುಂದೆ ಬಂತು.



"ಹಂಗಾದ್ರ ಹುಣ್ಣಿವಿ ತನಕ ಇಟ್ಕೋರಿ" ಎಂದ ಅಜ್ಜ. "ಇಬ್ಬರನ್ನೂ."